ನಾಲ್ಕರವರೆಗೆ ಎಣಿಸುವ ಫ್ಲಾಪಿ

ಒಂದೇ ಪ್ರಶ್ನೆಗೆ ದಿನವಿಡೀ ಒಂದೇ ಉತ್ತರ ಕೊಡುವ ಕೆಲಸ ಯಾರ ಪಾಲಿಗೆ ಬಂದಿರುತ್ತದೋ ಅವರನ್ನು ಗುರುತಿಸುವುದು ಕಷ್ಟವೇನಲ್ಲ. ರೈಲ್ವೆ ವಿಚಾರಣೆಯ ಕಿಟಕಿಯ ಹಿಂದೆ ಕೂತವರು, ಕಾಲು ಮುರಿದುಕೊಂಡು ಮಲಗಿದ ಗಂಡನಿರುವ ಹೆಂಡತಿ, ಮೂವತ್ತೈದು ದಾಟಿದ ಮಗನಿಗೆ ಇನ್ನೂ ಹೆಣ್ಣು ಗೊತ್ತಾಗದ ತಾಯಿ, ಇವರೆಲ್ಲರ ಕಣ್ಣಲ್ಲೂ ಒಂದೇ ಬಗೆಯ ಸುಸ್ತು ಇರುತ್ತದೆ. ಎದುರಿಗಿದ್ದವರು ಬಾಯಿ ತೆರೆಯುವ ಮೊದಲೇ ಇವರ ಉತ್ತರ ಹೊರಟುಬಿಟ್ಟಿರುತ್ತದೆ. ನಾನೂ ಈ ಗುಂಪಿನವನೇ. ಒಂದೇ ವ್ಯತ್ಯಾಸವೆಂದರೆ ನನ್ನನ್ನು ಪ್ರಶ್ನೆ ಕೇಳುತ್ತಿದ್ದದ್ದು ಮನುಷ್ಯರಲ್ಲ, ಕಂಪ್ಯೂಟರುಗಳು. ಮನುಷ್ಯರಾದರೆ ಒಂದು ಸಲ ಗದರಿದರೆ ಎರಡು ದಿನವಾದರೂ ಸುಮ್ಮನಿರುತ್ತಾರೆ. ಇವು ಹಾಗಲ್ಲ. ಬೈದರೂ ಕೇಳುತ್ತವೆ, ತಲೆಯ ಮೇಲೆ ಕೈಹೊತ್ತು ಕೂತರೂ ಕೇಳುತ್ತವೆ, ನಾವು ಎದ್ದುಹೋಗಿ ಚಹಾ ಕುಡಿದು ಬಂದರೂ ಅದೇ ಪ್ರಶ್ನೆಯನ್ನು ಪರದೆಯ ಮೇಲೆ ಹಿಡಿದುಕೊಂಡು ಕಾಯುತ್ತಿರುತ್ತವೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಎರ್ನಾಕುಲಂನ ಒಂದು ಅಡ್ಡರಸ್ತೆಯಲ್ಲಿ, ಕೆಳಗೆ ಛತ್ರಿ ಅಂಗಡಿ, ಮೇಲೆ ಎರಡು ಉದ್ದನೆಯ ಕೋಣೆ. ಆ ಕೋಣೆಗಳಲ್ಲಿ ವರ್ಗೀಸ್ ಸಾರ್ ಎಂಬವರು ಕಂಪ್ಯೂಟರ್ ಜೋಡಿಸಿ ಮಾರುವ ವ್ಯಾಪಾರ ಇಟ್ಟುಕೊಂಡಿದ್ದರು. ಬಿಡಿಭಾಗಗಳನ್ನು ತಂದು ತಗಡಿನ ಡಬ್ಬಿಯೊಳಗೆ ಸ್ಕ್ರೂ ಹಾಕಿ ಕೂರಿಸುವವರು ಶಶಿಯೇಟ್ಟನ್, ಅಂದರೆ ಶಶಿಯಣ್ಣ. ಮೊದಲು ರೇಡಿಯೋ ರಿಪೇರಿ ಮಾಡುತ್ತಿದ್ದವರು, ಐವತ್ತರ ಹತ್ತಿರದ ವಯಸ್ಸು. ಅವರ ಕೈ ಬಿದ್ದ ಯಂತ್ರ ಒಂದೇ ಸಲಕ್ಕೆ ಉಸಿರಾಡುತ್ತಿತ್ತು. ಹಾಗೆ ಉಸಿರಾಡುವ ಆದರೆ ಏನೂ ತಿಳಿಯದ ಯಂತ್ರ ನನ್ನ ಮುಂದೆ ಬರುತ್ತಿತ್ತು. ಅದಕ್ಕೆ ವಿಂಡೋಸ್ ಹಾಕಿ, ತಿಳಿವಳಿಕೆ ಕೊಟ್ಟು, ಗಿರಾಕಿಯ ಮನೆಗೆ ಕಳಿಸುವುದು ನನ್ನ ಕೆಲಸ. ನಂಜನಗೂಡಿನಲ್ಲಿರುವ ನಮ್ಮ ಮಾವನವರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಒಮ್ಮೆ ‘ನಿಮ್ಮ ಕೆಲಸ ಅಂದ್ರೆ ಏನು ಮಾಡಬೇಕು?’ ಅಂತ ಕೇಳಿದರು. ‘ಪರದೆ ಮೇಲೆ ಮುಂದಕ್ಕೆ ಅಂತ ಒಂದು ಗುಂಡಿ ಬರುತ್ತೆ ಮಾವ, ಅದನ್ನ ಒತ್ತಬೇಕು’ ಅಂದೆ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ, ‘ಅದಕ್ಕೆ ಮೂರು ವರ್ಷದ ಡಿಪ್ಲೊಮಾ ಬೇಕಿತ್ತೇ?’ ಅಂದರು.

ಬರೀ ಗುಂಡಿ ಒತ್ತುವುದಾಗಿದ್ದರೆ ನಾನು ಇಷ್ಟು ಸೊರಗುತ್ತಿರಲಿಲ್ಲ. ಮೊದಲು ಫ್ಲಾಪಿ ಹಾಕಿ ಯಂತ್ರವನ್ನು ಎಬ್ಬಿಸಬೇಕು. ಈಚಿನವರಿಗಾಗಿ ಹೇಳುತ್ತೇನೆ, ಫ್ಲಾಪಿ ಅಂದರೆ ಅಂಗೈಯಗಲದ ಚೌಕ ಪ್ಲಾಸ್ಟಿಕ್ ಬಿಲ್ಲೆ, ಅದರಲ್ಲಿ ಒಂದಿಷ್ಟು ಆದೇಶಗಳನ್ನು ಬರೆದಿಟ್ಟುಕೊಳ್ಳಬಹುದಿತ್ತು. ಎದ್ದ ಯಂತ್ರ ಮೊದಲು ಕೇಳುವುದು, ‘ಹಾರ್ಡ್ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಖಚಿತವೇ?’ ಅಂತ. ಅದರ ಹೊಟ್ಟೆಯಲ್ಲಿ ಏನೂ ಇಲ್ಲ, ಇವತ್ತು ಬೆಳಿಗ್ಗೆ ತಾನೇ ಪೆಟ್ಟಿಗೆಯಿಂದ ಹೊರಬಂದಿದೆ, ಆದರೂ ಈ ಆತಂಕ. ಹೌದು ಎನ್ನಬೇಕು. ಆಮೇಲೆ ಹೆಸರು ಕೇಳುತ್ತದೆ, ಸಂಸ್ಥೆಯ ಹೆಸರು ಕೇಳುತ್ತದೆ, ಇಪ್ಪತ್ತೈದು ಅಕ್ಷರ ಅಂಕಿಗಳ ಉದ್ದನೆಯ ಗುರುತು ಕೇಳುತ್ತದೆ. ಯಾವ ದೇಶದ ಗಡಿಯಾರ ಎಂದು ಕೇಳಿ ತಾನೇ ಅಮೆರಿಕದಲ್ಲಿ ಹೋಗಿ ನಿಲ್ಲುತ್ತದೆ. ಅಲ್ಲಿಂದ ಅದರ ಕಿವಿ ಹಿಡಿದು ಭಾರತಕ್ಕೆ ಎಳೆದು ತರಬೇಕು. ಇದೆಲ್ಲ ಮುಗಿಯಿತು ಅನ್ನುವಷ್ಟರಲ್ಲಿ ಡ್ರೈವರುಗಳ ಕಾಟ ಶುರು. ಯಂತ್ರದೊಳಗೆ ಚಿತ್ರ ತೋರಿಸುವ ಕಾರ್ಡ್, ಸದ್ದು ಮಾಡುವ ಕಾರ್ಡ್, ಒಂದಕ್ಕೊಂದು ತಂತಿ ಕಟ್ಟುವ ಕಾರ್ಡ್ ಅಂತ ಬೇರೆಬೇರೆ ಹಲಗೆಗಳಿರುತ್ತವೆ. ಪ್ರತಿಯೊಂದನ್ನೂ ಹೇಗೆ ಮಾತಾಡಿಸಬೇಕು ಎಂದು ಯಂತ್ರಕ್ಕೆ ಹೇಳಿಕೊಡುವ ಪುಟ್ಟ ಪ್ರೋಗ್ರಾಮಿಗೆ ಡ್ರೈವರ್ ಅಂತ ಹೆಸರು. ದೊಡ್ಡ ಕಂಪನಿಗಳ ಯಂತ್ರದಲ್ಲಿ ಎಲ್ಲವೂ ಒಂದೇ ಥರ. ನಮ್ಮಲ್ಲಿ ಹಾಗಿಲ್ಲ. ಒಂದೇ ಬಣ್ಣದ ಹತ್ತು ಪೆಟ್ಟಿಗೆ ಬಿಚ್ಚಿದರೆ ಒಳಗೆ ಮೂರು ಜಾತಿಯ ಕಾರ್ಡುಗಳಿರುತ್ತಿದ್ದವು. ಪೆಟ್ಟಿಗೆಯ ಮೇಲಿನ ಮಾತನ್ನು ನಂಬಿ ಡ್ರೈವರ್ ಹಾಕಿದರೆ ಯಂತ್ರ ಮೂಕವಾಗುತ್ತಿತ್ತು, ಇಲ್ಲವೇ ಪರದೆ ಪೂರಾ ನೀಲಿಯಾಗಿ ನಿಂತುಬಿಡುತ್ತಿತ್ತು. ಒಂದು ಯಂತ್ರಕ್ಕೆ ಒಂದೂವರೆ ಗಂಟೆ. ನಡುವೆ ಅದು ಮೂರು ಸಲ ತಾನೇ ಆರಿ ತಾನೇ ಹೊತ್ತಿಕೊಳ್ಳುತ್ತಿತ್ತು.

ಇಷ್ಟೆಲ್ಲ ಯಾಕೆ ಗೊಣಗುತ್ತಿದ್ದೇನೆಂದರೆ, ನನಗೆ ಶನಿವಾರ ನಾಲ್ಕು ಗಂಟೆಯ ರೈಲು ಹಿಡಿಯಬೇಕಿತ್ತು. ನನ್ನ ಹೆಂಡತಿ ವಸುಧಾಗೆ ತಿರುವನಂತಪುರದ ಒಂದು ಕೇಂದ್ರ ಸಂಸ್ಥೆಯ ಗ್ರಂಥಾಲಯದಲ್ಲಿ ಕೆಲಸ. ಮೈಸೂರಿನಿಂದ ಅವಳಿಗೆ ಅಲ್ಲಿಗೆ ವರ್ಗವಾದಾಗ ನಾನು ದೊಡ್ಡ ಮನಸ್ಸು ಮಾಡಿ, ‘ನಿನ್ನದು ಭದ್ರವಾದ ಕೆಲಸ, ನಾನು ಕೇರಳದಲ್ಲೇ ಎಲ್ಲಾದರೂ ಸೇರಿಕೊಳ್ತೀನಿ’ ಅಂದೆ. ಕೇರಳ ಇಷ್ಟು ಉದ್ದವಾಗಿದೆ ಅಂತ ಆಗ ಭೂಪಟದಲ್ಲಿ ಸರಿಯಾಗಿ ನೋಡಿರಲಿಲ್ಲ. ಸೇರಿಕೊಂಡದ್ದು ಎರ್ನಾಕುಲಂನಲ್ಲಿ. ಬಾಡಿಗೆ ಕಡಿಮೆ ಅಂತ ಊರಾಚೆಯ ಏಲೂರಿನಲ್ಲಿ ಕೋಣೆ ಹಿಡಿದೆ. ಗಾಳಿ ತಿರುಗಿದ ದಿನ ಕಾರ್ಖಾನೆಗಳ ವಾಸನೆಯೇ ಊಟಕ್ಕೆ ಉಪ್ಪಿನಕಾಯಿ. ವಸುಧಾ ಮತ್ತು ಮಗಳು ಚಿನ್ನು ತಿರುವನಂತಪುರದಲ್ಲಿ, ಪಟ್ಟಂ ಬಡಾವಣೆಯಿಂದ ಹತ್ತು ನಿಮಿಷದ ಬಸ್ಸಿನ ದೂರದಲ್ಲಿ, ಎಲ್ಲರೂ ಅಮ್ಮಚ್ಚಿ ಎಂದು ಕರೆಯುವ ಒಬ್ಬ ವಯಸ್ಸಾದ ಹೆಂಗಸಿನ ಮನೆಯ ಮಹಡಿಯಲ್ಲಿದ್ದರು. ಶನಿವಾರ ನಾಲ್ಕರ ರೈಲು ಸಿಕ್ಕರೆ ರಾತ್ರಿ ಒಂಬತ್ತಕ್ಕೆ ಮನೆ, ಭಾನುವಾರ ಇಡೀ ನನ್ನದು, ಸೋಮವಾರ ಕತ್ತಲಿರುವಾಗಲೇ ವಾಪಸ್ಸು. ಸಿಗದಿದ್ದರೆ ಆ ವಾರ ಪೂರ್ತಿ ಹೋಯಿತು.

ಚಿನ್ನುಗೆ ಆಗ ಐದು ವರ್ಷ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳು ಮಲಯಾಳದಲ್ಲಿ ಉತ್ತರಿಸುತ್ತಿದ್ದಳು. ಅದು ಇರಲಿ, ಅದರ ಬಗ್ಗೆ ನನಗೆ ಬೇಸರವಿಲ್ಲ. ಬೇಸರವಾಗುತ್ತಿದ್ದದ್ದು ಭಾನುವಾರ ಬೆಳಿಗ್ಗೆ. ಎದ್ದು ಬಂದು ನನ್ನನ್ನು ನೋಡಿ ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಹತ್ತು ಗಂಟೆಯ ಹೊತ್ತಿಗೆ ನನ್ನ ಚೀಲದಲ್ಲಿ ಏನಿದೆ ಎಂದು ದೂರದಿಂದ ನೋಡುತ್ತಿದ್ದಳು. ಊಟದ ಹೊತ್ತಿಗೆ ಪಕ್ಕದಲ್ಲಿ ಕೂರುತ್ತಿದ್ದಳು. ಸಂಜೆ ಬೆನ್ನ ಮೇಲೆ ಹತ್ತಿ ಸವಾರಿ ಮಾಡುತ್ತಿದ್ದಳು. ಅವಳಿಗೆ ನನ್ನ ಪರಿಚಯ ಪೂರ್ತಿಯಾಗುವ ಹೊತ್ತಿಗೆ ನನ್ನ ಹೊರಡುವ ಹೊತ್ತಾಗಿರುತ್ತಿತ್ತು. ಮುಂದಿನ ಭಾನುವಾರ ಮತ್ತೆ ಬಾಗಿಲ ಹಿಂದಿನಿಂದಲೇ ಶುರು. ಎರಡು ವಾರ ತಪ್ಪಿದರೆ ಬಾಗಿಲ ಹಿಂದೆ ನಿಲ್ಲುವ ಹೊತ್ತು ಇನ್ನೂ ಉದ್ದವಾಗುತ್ತಿತ್ತು. ಮನೆಗೆ ಬಂದ ನೆಂಟರಿಗೆ ಕೊಡುವ ಹಾಗೆ ನನಗೆ ಕೈಯಿರುವ ಕುರ್ಚಿ, ಹೂವಿನ ಲೋಟದಲ್ಲಿ ಕಾಫಿ, ಎರಡು ಹಪ್ಪಳ ಜಾಸ್ತಿ.

ಆ ವರ್ಷದ ಕರ್ಕಿಡಕ ಮಾಸದಲ್ಲಿ ವರ್ಗೀಸ್ ಸಾರ್‌ಗೆ ಅದೇ ಪಟ್ಟಂನ ಒಂದು ಕಚೇರಿಯಿಂದ ನಲವತ್ತು ಕಂಪ್ಯೂಟರುಗಳ ಆರ್ಡರ್ ಬಂತು. ಕರ್ಕಿಡಕ ನಮ್ಮ ಆಷಾಢದಂತೆ; ಮಳೆ, ಗಂಜಿ, ಔಷಧ, ಶುಭಕಾರ್ಯವಿಲ್ಲ. ಆ ತಿಂಗಳಲ್ಲಿ ಅಲ್ಲಿ ಯಾರೂ ಹೊಸ ವಸ್ತು ಮನೆಗೆ ತರುವುದಿಲ್ಲ. ಕಂಪ್ಯೂಟರ್ ಎಷ್ಟೇ ವಿಜ್ಞಾನವಾದರೂ ಮುಂದಿನ ತಿಂಗಳಾದ ಚಿಂಗಂನ ಒಂದನೇ ತಾರೀಕು ದೀಪ ಹಚ್ಚಿಯೇ ಅದು ಶುರುವಾಗಬೇಕು. ನಾನು ಖುಷಿಪಟ್ಟೆ. ಇಡೀ ತಿಂಗಳು ನಿಧಾನವಾಗಿ ಮಾಡಬಹುದು ಅಂದುಕೊಂಡೆ. ಆದರೆ ಬಿಡಿಭಾಗಗಳ ಬೆಲೆ ಆಗ ವಾರವಾರಕ್ಕೂ ಇಳಿಯುತ್ತಿತ್ತು. ‘ಇವತ್ತು ವಾಂಗಿದರೆ, ಕೊಂಡರೆ, ನಾಳೆ ಬೇಜಾರು’ ಎಂದು ವರ್ಗೀಸ್ ಸಾರ್ ತಮ್ಮ ಮಲಯಾಳ ಬೆರೆಸಿದ ಕನ್ನಡದಲ್ಲಿ ನನಗೆ ಹೇಳುತ್ತ ಕಾದರು, ಕಾದರು, ಚಿಂಗಂಗೆ ಆರು ದಿನ ಇರುವಾಗ ಸಾಮಾನು ತರಿಸಿದರು. ನಾನು ಬೆರಳು ಮಡಿಚಿ ಲೆಕ್ಕ ಹಾಕಿದೆ. ನಲವತ್ತು ಯಂತ್ರ, ತಲಾ ಒಂದೂವರೆ ಗಂಟೆ. ಆ ವಾರದ ಶನಿವಾರವೂ ಹೋಯಿತು, ಭಾನುವಾರವೂ ಹೋಯಿತು. ಅದರ ಹಿಂದಿನ ಮೂರು ವಾರ ಬೇರೆಬೇರೆ ಕಾರಣಕ್ಕೆ ಆಗಲೇ ಹೋಗಿದ್ದವು. ಬೂತಿನಿಂದ ಅಮ್ಮಚ್ಚಿಯ ಮನೆಗೆ ಫೋನ್ ಮಾಡಿ ವಿಷಯ ಹೇಳಿದೆ. ವಸುಧಾ, ‘ಸರಿ ಬಿಡಿ. ಚಿನ್ನು ನಮ್ಮ ಮದುವೆ ಫೋಟೋ ನೋಡಿ ಇದು ಯಾರ ಮದುವೇದು ಅಂತ ಕೇಳ್ತಿದ್ಲು’ ಅಂದಳು. ಅವಳು ಸಿಟ್ಟು ಮಾಡಿಕೊಂಡಿದ್ದರೆ ಒಳ್ಳೆಯದಿತ್ತು.

ಅವತ್ತು ಬಸ್ಸಿನಲ್ಲಿ ಏಲೂರಿಗೆ ಹೋಗುವಾಗ ನನಗೆ ಒಂದು ಯೋಚನೆ ಬಂತು. ಪ್ರಶ್ನೆಗಳು ಯಾವಾಗಲೂ ಅವೇ, ಉತ್ತರಗಳೂ ಅವೇ. ಹಾಗಿದ್ದಮೇಲೆ ಉತ್ತರ ಹೇಳಲು ನಾನೇ ಯಾಕೆ ಕೂತಿರಬೇಕು? ಎಲ್ಲ ಉತ್ತರಗಳನ್ನೂ ಮೊದಲೇ ಬರೆದು ಫ್ಲಾಪಿಯಲ್ಲಿ ಇಟ್ಟರೆ ಯಂತ್ರ ತಾನೇ ಕೇಳಿಕೊಂಡು ತಾನೇ ಉತ್ತರ ಹೇಳಿಕೊಳ್ಳಲಿ. ಇಂಥ ಉಪಾಯಗಳು ದೊಡ್ಡ ಊರುಗಳ ದೊಡ್ಡ ಕಂಪನಿಗಳಲ್ಲಿ ಇವೆ ಅಂತ ಓದಿದ್ದೆ. ಛತ್ರಿ ಅಂಗಡಿಯ ಮೇಲೆ ಯಾಕೆ ಇರಬಾರದು? ಎರಡು ದಿನ ಕೂತೆ. ಹೆಸರು, ಸಂಸ್ಥೆ, ಗಡಿಯಾರ, ಇಪ್ಪತ್ತೈದು ಅಕ್ಷರಗಳು, ಆ ಕಚೇರಿಯ ಪ್ರಿಂಟರು, ಎಲ್ಲವನ್ನೂ ಒಂದು ಕಡತದಲ್ಲಿ ಬರೆದೆ. ‘ಖಚಿತವೇ?’ ಎಂಬ ಪ್ರಶ್ನೆಯನ್ನಂತೂ ಹುಡುಕಿ ಹಿಡಿದು, ಅದು ಬಾಯಿ ತೆರೆಯುವ ಮೊದಲೇ ಹೌದು ಎಂದು ತುರುಕಿದೆ. ಜೀವನದಲ್ಲಿ ಅಷ್ಟು ಸಂತೋಷ ನನಗೆ ಕಡಿಮೆ ಸಲ ಆಗಿದೆ.

ಡ್ರೈವರುಗಳ ಗೋಜಲನ್ನು ಬಿಡಿಸಿದವರು ಶಶಿಯೇಟ್ಟನ್. ಅವರು ಕಾರ್ಡುಗಳನ್ನು ಕೂರಿಸುವಾಗಲೇ ಭೂತಗನ್ನಡಿ ಹಿಡಿದು ಚಿಪ್ಪಿನ ಮೇಲಿನ ಸಣ್ಣ ಅಕ್ಷರ ಓದಿ, ಮನೆಯಿಂದ ತಂದ ಹೆಂಡತಿಯ ಉಗುರುಬಣ್ಣದಿಂದ ಡಬ್ಬಿಯ ಹಿಂದೆ ಒಂದು ಚುಕ್ಕೆ ಇಡುತ್ತಿದ್ದರು. ಒಂದು ಜಾತಿಗೆ ಕೆಂಪು, ಇನ್ನೊಂದಕ್ಕೆ ಗುಲಾಬಿ, ಮೂರನೆಯದಕ್ಕೆ ಚುಕ್ಕೆಯಿಲ್ಲ. ನಾನು ಫ್ಲಾಪಿಗಳಿಗೂ ಹಾಗೇ ಚುಕ್ಕೆ ಇಟ್ಟೆ. ಕೆಂಪು ಚುಕ್ಕೆಯ ಯಂತ್ರಕ್ಕೆ ಕೆಂಪು ಚುಕ್ಕೆಯ ಫ್ಲಾಪಿ, ಜೊತೆಗೆ ಎಲ್ಲ ಡ್ರೈವರುಗಳೂ ಇರುವ ಒಂದು ಸಿಡಿ. ಒಟ್ಟು ಹತ್ತು ಫ್ಲಾಪಿ, ಹತ್ತು ಸಿಡಿ. ಹತ್ತತ್ತು ಯಂತ್ರದಂತೆ ನಾಲ್ಕು ಸರದಿ. ಉಳಿದದ್ದು ಒಂದೇ ತೊಡಕು. ನಡುವೆ ಯಂತ್ರ ಮೂರು ಸಲ ಆರಿ ಹೊತ್ತಿಕೊಳ್ಳುತ್ತದೆ ಅಂದೆನಲ್ಲ, ಪ್ರತಿ ಸಲ ಹೊತ್ತಿಕೊಂಡಾಗಲೂ ಫ್ಲಾಪಿ ಮತ್ತೆ ಮೊದಲಿಂದ ಎಲ್ಲ ಅಳಿಸಲು ಹೊರಡುತ್ತಿತ್ತು. ಅದಕ್ಕೆ ನಾನು ಫ್ಲಾಪಿಗೆ ನಾಲ್ಕರವರೆಗೆ ಎಣಿಸಲು ಕಲಿಸಿದೆ. ಒಂದನೇ ಸಲ ಹೊತ್ತಿಕೊಂಡಾಗ ಎಲ್ಲ ಅಳಿಸಿ ಹೊಸದಾಗಿ ಶುರುಮಾಡು. ಎರಡು, ಮೂರು, ನಾಲ್ಕನೇ ಸಲ ಸುಮ್ಮನೆ ಮುಂದಕ್ಕೆ ಬಿಡು. ನಾಲ್ಕಾದಮೇಲೆ ಲೆಕ್ಕ ಮತ್ತೆ ಒಂದಕ್ಕೆ, ಯಾಕೆಂದರೆ ಅಷ್ಟು ಹೊತ್ತಿಗೆ ಫ್ಲಾಪಿ ಬೇರೆ ಯಂತ್ರಕ್ಕೆ ಹೋಗಿರುತ್ತದೆ. ಶಶಿಯೇಟ್ಟನ್ ಹತ್ತು ಯಂತ್ರಗಳು ಯಾರೂ ಮುಟ್ಟದೆ ಒಟ್ಟಿಗೆ ಕೆಲಸ ಮಾಡುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿ, ‘ಇದು ಚಾತ್ತನ್ ಸೇವೆ ಸಾರೇ’ ಅಂದರು. ಚಾತ್ತನ್ ಅಂದರೆ ಅವರ ಕಡೆ ಹೇಳಿದ ಕೆಲಸವನ್ನೆಲ್ಲ ಮಾಡಿ ಮುಗಿಸುವ ಕುಳ್ಳ ದೈವ. ‘ಆದರೆ ನೋಡಿಕೊಳ್ಳಿ, ಚಾತ್ತನ್‌ಗೆ ಸಾಕು ಅಂತ ನಾವೇ ಹೇಳಬೇಕು’ ಅಂತಲೂ ಸೇರಿಸಿದರು. ನಾನು ನಕ್ಕೆ.

ಶನಿವಾರ ಮೂರು ಗಂಟೆಗೆ ಮೂವತ್ತೊಂಬತ್ತು ಯಂತ್ರಗಳು ಮುಗಿದಿದ್ದವು. ಕೊನೆಯದು ನಾಲ್ಕನೇ ಸಲ ಹೊತ್ತಿಕೊಳ್ಳುತ್ತಿತ್ತು. ‘ಇದನ್ನ ನೀವು ಪೆಟ್ಟಿಗೆಗೆ ಹಾಕಿ ಕಟ್ಟಿಬಿಡಿ ಚೇಟ್ಟಾ’ ಎಂದು ಹೇಳಿ ಚೀಲ ಎತ್ತಿಕೊಂಡು ಓಡಿದೆ. ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಆಲಪ್ಪುಳದ ಕಡೆಯ ನೀರು, ದೋಣಿ, ಬಾತುಕೋಳಿ, ಎಲ್ಲವೂ ನನ್ನನ್ನೇ ಸನ್ಮಾನಿಸಲು ಸಾಲಾಗಿ ನಿಂತ ಹಾಗೆ ಕಂಡವು. ಆ ಭಾನುವಾರ ಚಿನ್ನು ಹನ್ನೊಂದು ಗಂಟೆಯವರೆಗೆ ಬಾಗಿಲ ಹಿಂದಿದ್ದಳು. ಪರವಾಗಿಲ್ಲ, ಇನ್ನು ಮೇಲೆ ಪ್ರತಿ ವಾರ ಬರುತ್ತೇನಲ್ಲ ಅಂದುಕೊಂಡೆ. ಸೋಮವಾರ ಎರ್ನಾಕುಲಂಗೆ ಬಂದು ನೋಡಿದರೆ ಮೇಜಿನ ಮೇಲೆ ಒಂಬತ್ತೇ ಫ್ಲಾಪಿ, ಒಂಬತ್ತೇ ಸಿಡಿ. ಹತ್ತನೆಯ ಜೋಡಿ ಶಶಿಯೇಟ್ಟನ್ ಹತ್ತಿರ ಇರಬೇಕು ಅಂದುಕೊಂಡೆ. ಅದು ನನ್ನ ಚೀಲದಲ್ಲಿರಬೇಕು ಅಂತ ಅವರು ಅಂದುಕೊಂಡಿದ್ದರು. ಇಬ್ಬರೂ ಕೇಳಲಿಲ್ಲ. ಲಾರಿ ಪಟ್ಟಂಗೆ ಹೋಯಿತು, ಚಿಂಗಂ ಒಂದರಂದು ದೀಪ ಹಚ್ಚಿದರು, ಒಬ್ಬ ಗಣ್ಯರು ಒಂದೇ ಒಂದು ಯಂತ್ರದ ಗುಂಡಿ ಒತ್ತಿ ಚಪ್ಪಾಳೆ ತಟ್ಟಿಸಿಕೊಂಡರು. ವರ್ಗೀಸ್ ಸಾರ್ ನನ್ನ ಚಾತ್ತನ್‌ಗಳ ಸಾಮರ್ಥ್ಯ ಕಂಡು ಓಣಂ ಹಬ್ಬದ ಆರ್ಡರುಗಳನ್ನು ಎರಡರಷ್ಟು ಹಿಡಿದರು. ಪ್ರತಿ ವಾರ ಬರುತ್ತೇನೆ ಎಂದುಕೊಂಡಿದ್ದವನು ಮುಂದಿನ ಮೂರು ಶನಿವಾರ ಛತ್ರಿ ಅಂಗಡಿಯ ಮೇಲೆಯೇ ಕಳೆದೆ.

ಓಣಂ ಮುಗಿದಮೇಲೆ ಪಟ್ಟಂನ ಆ ಕಚೇರಿಯ ಸೂಪರಿಂಟೆಂಡೆಂಟ್ ಪಿಳ್ಳೈ ಸಾರ್ ಅವರಿಂದ ಒಂದು ಕಾಗದ ಬಂತು. ವರ್ಗೀಸ್ ಸಾರ್ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟರು. ಅದರ ಸಾರಾಂಶ ಇಷ್ಟು: ನೀವು ಪೂರೈಸಿದ ನಲವತ್ತು ಯಂತ್ರಗಳ ಪೈಕಿ ಶ್ರೀಮತಿ ಓಮನಾ ಅವರ ಯಂತ್ರದಲ್ಲಿ ಮಾತ್ರ ಪ್ರತಿದಿನ ಬೆಳಿಗ್ಗೆ ಒಂದೂವರೆ ಗಂಟೆಯ ಸ್ವಯಂಸಿದ್ಧತೆಯ ಸೌಲಭ್ಯವಿದ್ದು, ಉಳಿದ ಮೂವತ್ತೊಂಬತ್ತರಲ್ಲಿ ಸದರಿ ಸೌಲಭ್ಯ ಇಲ್ಲದಿರುವುದನ್ನು ಸಿಬ್ಬಂದಿ ಸಂಘವು ತಾರತಮ್ಯವೆಂದು ಪರಿಗಣಿಸಿದೆ, ಕೂಡಲೇ ಸರಿಪಡಿಸತಕ್ಕದ್ದು. ವರ್ಗೀಸ್ ಸಾರ್, ‘ಇದು ಯಾವ ಸೌಲಭ್ಯ?’ ಅಂದರು. ನನಗೆ ಕಾಗದ ಓದುತ್ತಿದ್ದಂತೆಯೇ ಬೆನ್ನಲ್ಲಿ ಬೆವರು ಕಿತ್ತುಬಂದಿತ್ತು. ‘ಹೋಗಿ ನೋಡಬೇಕು ಸಾರ್’ ಅಂದೆ. ‘ಹೋಗಿ. ಮುಂದಿನ ವರ್ಷ ಅವರ ಜಿಲ್ಲಾ ಕಚೇರಿಗಳಿಗೆಲ್ಲ ನಾವೇ ಕೊಡಬೇಕು. ನಮ್ಮ ಕಡೆಯ ತಪ್ಪು ಅಂತ ಗೊತ್ತಾದರೆ ಅದೂ ಹೋಯಿತು, ನೀವೂ ಹೋದಿರಿ’ ಅಂದರು.

ಓಮನಾ ಮೇಡಂ ನಿವೃತ್ತಿಗೆ ಎರಡು ವರ್ಷ ಉಳಿದಿದ್ದ, ದಪ್ಪ ಕನ್ನಡಕದ, ಅಗಲ ಅಂಚಿನ ಬಿಳಿ ಸೀರೆ ಉಡುವ ಹೆಂಗಸು. ಮೂವತ್ತು ವರ್ಷ ಟೈಪ್‌ರೈಟರ್ ಕುಟ್ಟಿದವರು. ಬೆಳಿಗ್ಗೆ ಹತ್ತಕ್ಕೆ ಬಂದು, ಚೀಲ ಇಟ್ಟು, ಯಂತ್ರದ ಗುಂಡಿ ಒತ್ತಿದರು. ಮುಂದಿನ ಬಾಯಲ್ಲಿ ನಮ್ಮ ಹತ್ತನೆಯ ಫ್ಲಾಪಿ, ಗುಲಾಬಿ ಚುಕ್ಕೆ ಸಮೇತ; ಸಿಡಿಯೂ ಒಳಗೇ ಉಳಿದಿತ್ತು. ಅದರ ಲೆಕ್ಕ ನಾಲ್ಕು ಮುಗಿಸಿ ಮತ್ತೆ ಒಂದಕ್ಕೆ ಬಂದಿತ್ತಾದ್ದರಿಂದ ನಾನು ನೋಡುತ್ತಿದ್ದಂತೆಯೇ ಅದು ಎಲ್ಲ ಅಳಿಸಿತು. ಯಾರನ್ನೂ ಕೇಳಲಿಲ್ಲ, ಕೇಳದ ಹಾಗೆ ಮಾಡಿದ್ದವನು ನಾನೇ. ಆಮೇಲೆ ಹೆಸರು ಬರೆದುಕೊಂಡಿತು, ಗಡಿಯಾರವನ್ನು ಭಾರತಕ್ಕೆ ತಂದಿತು, ಆರಿತು, ಹೊತ್ತಿಕೊಂಡಿತು. ಓಮನಾ ಮೇಡಂ ಅಷ್ಟರಲ್ಲಿ ಪತ್ರಿಕೆ ಓದಿ ಮುಗಿಸಿ, ಚಹಾ ಕುಡಿದು, ಪಕ್ಕದವರ ಮಗಳ ಮದುವೆಯ ವಿಚಾರ ಕೇಳಿಕೊಂಡು ಬಂದರು. ಹನ್ನೊಂದೂವರೆಗೆ ಯಂತ್ರ ಹೊಚ್ಚಹೊಸದಾಗಿ ಸಿದ್ಧವಾಗಿತ್ತು. ಅವರು ಕೂತು ಎರಡು ಕಾಗದ ಟೈಪ್ ಮಾಡಿ, ಪ್ರಿಂಟ್ ತೆಗೆದು, ಫೈಲಿಗೆ ದಾರ ಕಟ್ಟಿದರು.

‘ನಿನ್ನೆ ಟೈಪ್ ಮಾಡಿದ್ದು ಎಲ್ಲಿದೆ ಮೇಡಂ?’ ಎಂದು ಕೇಳಿದೆ.

‘ಫೈಲಿನಲ್ಲಿ’ ಅಂದರು. ‘ಮತ್ತೆಲ್ಲಿರಬೇಕು?’

‘ಇದರೊಳಗೆ?’

ಅವರು ನನ್ನನ್ನು ಮರುಕದಿಂದ ನೋಡಿದರು. ‘ಸಾರೇ, ಟೈಪ್‌ರೈಟರ್‌ನ ಒಳಗೆ ನಿನ್ನೆಯ ಕಾಗದ ಇರ್ತದಾ? ರಾತ್ರಿ ಇದು ಎಲ್ಲ ಮರೀತದೆ, ಬೆಳಿಗ್ಗೆ ಕುಳಿ, ಸ್ನಾನ ಎಲ್ಲ ಮಾಡಿ ಶುದ್ಧವಾಗಿ ಬರ್ತದೆ. ಬೇರೆಯವರ ಯಂತ್ರ ಸ್ನಾನ ಇಲ್ಲದೆ ನೇರ ಕೆಲಸಕ್ಕೆ ಕೂರ್ತದೆ. ಅದಕ್ಕೇ ಅವುಗಳಿಗೆ ವೈರಸ್ಸು’ ಅಂದರು. ಸುತ್ತ ಕೂತಿದ್ದವರೆಲ್ಲ ನನ್ನತ್ತ ಬಿರುಗಣ್ಣು ಬಿಟ್ಟು ನೋಡುತ್ತಿದ್ದರು. ಅವರ ಯಂತ್ರಗಳು ಮೂರು ನಿಮಿಷಕ್ಕೇ ಸಿದ್ಧವಾಗಿ ಕೂರುತ್ತಿದ್ದುದರಿಂದ ಹತ್ತು ಗಂಟೆ ಮೂರು ನಿಮಿಷಕ್ಕೆ ಕೆಲಸ ಶುರು ಮಾಡಬೇಕಾಗಿ ಬಂದು ಪಾಪ ಅವರಿಗೆ ಜೀವನ ಸಾಕಾಗಿಹೋಗಿತ್ತು.

ಆ ಫ್ಲಾಪಿ ಎಳೆದು ಜೇಬಿಗೆ ಹಾಕಿಕೊಳ್ಳಲು ಒಂದು ಕ್ಷಣ ಸಾಕಿತ್ತು. ಎಳೆದಿದ್ದರೆ ಸಂಜೆಯ ರೈಲಿಗೆ ಎರ್ನಾಕುಲಂಗೆ ವಾಪಸ್ಸಾಗಬೇಕಿತ್ತು. ನಾನು ಪಿಳ್ಳೈ ಸಾರ್ ಹತ್ತಿರ ಹೋಗಿ ಗಂಭೀರವಾಗಿ, ‘ಸ್ವಲ್ಪ ಸೂಕ್ಷ್ಮದ ವಿಷಯ. ಒಂದು ವಾರ ವೀಕ್ಷಣೆಯಲ್ಲಿಡಬೇಕು’ ಅಂದೆ. ವರ್ಗೀಸ್ ಸಾರ್‌ಗೂ ಫೋನಿನಲ್ಲಿ ಅದನ್ನೇ ಹೇಳಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ್ದರಿಂದ ಎರಡು ಕಡೆಯೂ ಕಿವಿ ಬಿಸಿಯಾಯಿತು. ಮಧ್ಯಾಹ್ನ ಮನೆಗೆ ಹೋದರೆ ಅಂಗಳದಲ್ಲಿ ಚಿನ್ನು. ನನ್ನನ್ನು ಮೇಲಿಂದ ಕೆಳಗೆ ನೋಡಿ ಒಳಗೆ ಓಡಿ, ಅಮ್ಮಚ್ಚಿಯ ಸೆರಗು ಹಿಡಿದು ಕೇಳಿದಳು, ‘ಅಚ್ಛನ್ ಯಾಕೆ ಬಂದದ್ದು? ಇವತ್ತು ಭಾನುವಾರ ಅಲ್ಲವಲ್ಲ?’ ಅಪ್ಪನಿಗೆ ಅಚ್ಛನ್ ಎನ್ನುವ ಮಲಯಾಳದಲ್ಲೇ ಕೇಳಿದಳು, ಆದರೆ ಆ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಯಿತು. ಅಮ್ಮಚ್ಚಿ ನನ್ನ ಮುಖ ನೋಡಿ ಒಳಗೆ ಹೋಗಿ ಬಾಳೆಕಾಯಿ ಚಿಪ್ಸ್ ತಂದುಕೊಟ್ಟರು. ಅವರೂ ಪಾಪ, ನೆಂಟರಿಗೆ ಕೊಡುವುದನ್ನೇ ಕೊಟ್ಟರು.

ಆ ವಾರ ಪ್ರತಿದಿನ ಹತ್ತರಿಂದ ಹನ್ನೊಂದೂವರೆವರೆಗೆ ಓಮನಾ ಮೇಡಂರ ಯಂತ್ರ ಎಲ್ಲ ಮರೆತು ಮತ್ತೆ ಶುರು ಮಾಡುವುದನ್ನು ಕೂತು ನೋಡಿದೆ. ಬಾಗಿಲ ಹಿಂದೆ ನಿಲ್ಲುವ ನನ್ನ ಮಗಳೂ ಪ್ರತಿ ಭಾನುವಾರ ನನ್ನನ್ನು ಮೊದಲಿಂದ ಶುರು ಮಾಡುತ್ತಿದ್ದಳು, ಮತ್ತು ಅದಕ್ಕೂ ಕಾರಣ ನಾನೇ. ಸಂಜೆ ಐದಕ್ಕೆ ಮನೆ. ಮಂಗಳವಾರ ಚಿನ್ನು ಬಾಗಿಲ ಹಿಂದೆ ಹತ್ತು ನಿಮಿಷ ನಿಂತಳು. ಬುಧವಾರ ನಿಲ್ಲಲಿಲ್ಲ. ಗುರುವಾರ ನನ್ನ ಚೀಲಕ್ಕೆ ಕೈಹಾಕಿ ಶಶಿಯೇಟ್ಟನ್ ಕೊಟ್ಟಿದ್ದ ಭೂತಗನ್ನಡಿ ತೆಗೆದುಕೊಂಡು ಹೋದಳು, ಕೇಳಲೂ ಇಲ್ಲ. ಅದನ್ನು ನೋಡಿ ನನಗಾದ ಸಂತೋಷಕ್ಕೆ ಅವಳಿಗೆ ಅದನ್ನು ಒಡೆದುಹಾಕಲು ಬಿಟ್ಟೆ. ವಸುಧಾ ಮಾತ್ರ ಗ್ರಂಥಾಲಯದವಳು, ಯಾವ ಪುಸ್ತಕ ಯಾವಾಗ ಹಿಂದಿರುಗಬೇಕು ಅಂತ ನೋಡುವುದು ಅವಳ ಸ್ವಭಾವ. ಗುರುವಾರ ರಾತ್ರಿ, ‘ರೀ, ನಿಜ ಹೇಳಿ, ಅದನ್ನ ರಿಪೇರಿ ಮಾಡಕ್ಕೆ ಎಷ್ಟು ಹೊತ್ತು ಬೇಕು?’ ಅಂದಳು.

‘ಒಂದು ಕ್ಷಣ’ ಅಂದೆ.

ಅವಳು, ‘ಆ ಮೇಡಂಗೆ ಹೇಳಿಬಿಡಿ. ಪಾಪ, ಅವರ ಕೆಲಸ ದಿನಾ ಅಳಿಸಿಹೋಗ್ತಿದೆ. ನಮ್ಮ ಸುಖಕ್ಕೆ ಬೇರೆಯವರದ್ದು ಅಳಿಸಬಾರದು’ ಅಂದಳು. ನನಗೂ ಅದು ಗೊತ್ತಿತ್ತು. ಯಾರಾದರೂ ಹೇಳಲಿ ಅಂತ ಕಾಯುತ್ತಿದ್ದೆ, ಅಷ್ಟೇ.

ಶುಕ್ರವಾರ ಓಮನಾ ಮೇಡಂ ಚಹಾಕ್ಕೆ ಹೊರಡುವ ಮೊದಲೇ ತಡೆದು ಎಲ್ಲ ಹೇಳಿದೆ. ಫ್ಲಾಪಿ ಹೊರಗೆ ತೆಗೆದು ತೋರಿಸಿದೆ. ಒಂದು ತಿಂಗಳು ಅವರು ಟೈಪ್ ಮಾಡಿದ್ದೆಲ್ಲ ಹೋದದ್ದು ನನ್ನಿಂದ ಎಂದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಫ್ಲಾಪಿಯನ್ನು ತಿರುಗಿಸಿ ನೋಡಿ, ಗುಲಾಬಿ ಚುಕ್ಕೆ ಉಗುರಿನಿಂದ ಕೆರೆದು, ‘ಅಂದರೆ ಬೇರೆಯವರ ಯಂತ್ರದಲ್ಲಿ ನಿನ್ನೆಯದು ಹಾಗೇ ಇರ್ತದಾ?’ ಎಂದು ಕೇಳಿದರು. ಇರ್ತದೆ ಎಂದೆ. ‘ಒಂದು ಕಾಗದವನ್ನು ಮತ್ತೆ ಟೈಪ್ ಮಾಡದೆ ತಾರೀಕು ಮಾತ್ರ ಬದಲಾಯಿಸಬಹುದಾ?’ ಬದಲಾಯಿಸಬಹುದು ಎಂದೆ. ಅವರ ಕಣ್ಣು ಕನ್ನಡಕದ ಹಿಂದೆ ಒದ್ದೆಯಾಯಿತು. ‘ಮೂವತ್ತು ವರ್ಷ ಒಂದೇ ಕಾಗದ ತಾರೀಕು ಬದಲಾಯಿಸಿ ಕುಟ್ಟಿದ್ದೇನೆ ಮೋನೇ’ ಅಂದರು. ಸಾರ್ ಇದ್ದವನು ಆ ಕ್ಷಣದಿಂದ ಮೋನೇ, ಅಂದರೆ ಮಗ, ಆದೆ. ‘ನಿನ್ನ ತಪ್ಪನ್ನು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಇದನ್ನು ನನಗೆ ಕಲಿಸದೆ ನೀನು ಈ ಊರು ಬಿಟ್ಟು ಹೋಗುವ ಹಾಗಿಲ್ಲ.’

ಕೂತು ಕಲಿಸಿದೆ. ಅವರು ಕಲಿಯುವುದನ್ನು ನೋಡಿ ಪಕ್ಕದವರು ಬಂದರು, ಅವರ ಪಕ್ಕದವರು ಬಂದರು. ನಲವತ್ತು ಜನರಲ್ಲಿ ಮೂವತ್ತೇಳು ಜನಕ್ಕೆ ಕಾಗದ ಎಲ್ಲಿ ಉಳಿಯುತ್ತದೆ, ಅದನ್ನು ಮತ್ತೆ ತೆರೆಯುವುದು ಹೇಗೆ ಎನ್ನುವುದೇ ಗೊತ್ತಿರಲಿಲ್ಲ. ಅವರ ಯಂತ್ರಗಳು ಏನೂ ಮರೆಯದಿದ್ದರೂ ಅವರೂ ದಿನಾ ಮೊದಲಿಂದಲೇ ಟೈಪ್ ಮಾಡುತ್ತಿದ್ದರು. ಸೋಮವಾರ ಓಮನಾ ಮೇಡಂ ಪಿಳ್ಳೈ ಸಾರ್ ಮೇಜಿನ ಮುಂದೆ ನಿಂತು, ಈ ಯಂತ್ರಗಳ ಜೊತೆಗೆ ಒಬ್ಬ ಮನುಷ್ಯನನ್ನೂ ಕೊಡಬೇಕಿತ್ತು, ಪೂರೈಕೆ ಮಾಡಿದವರು ಅದನ್ನು ಬಾಕಿ ಉಳಿಸಿಕೊಂಡಿದ್ದಾರೆ ಎಂದು ವಾದಿಸಿದರು. ಸಂಘವೂ ತಾರತಮ್ಯದ ದೂರು ಬಿಟ್ಟು ಇದರ ಬೆನ್ನಿಗೆ ನಿಂತಿತು. ಪಿಳ್ಳೈ ಸಾರ್ ಮತ್ತೊಂದು ಕಾಗದ ಬರೆದರು. ಮುಂದಿನ ಆರ್ಡರಿನ ಆಸೆಗೆ ವರ್ಗೀಸ್ ಸಾರ್ ನನ್ನನ್ನು ಒಂದು ವರ್ಷದ ಮಟ್ಟಿಗೆ ಪಟ್ಟಂಗೆ ಕಳಿಸಿಕೊಟ್ಟರು. ಉತ್ತರ ಹೇಳಿ ಹೇಳಿ ಬೇಸತ್ತು, ಯಾರೂ ಯಂತ್ರದ ಮುಂದೆ ಕೂರಬೇಕಿಲ್ಲದ ಉಪಾಯ ಕಂಡುಹಿಡಿದವನು ನಾನು. ಆ ವರ್ಷವಿಡೀ ನಲವತ್ತು ಜನರ ಮಧ್ಯೆ ಓಡಾಡುತ್ತ, ಪ್ರಿಂಟ್ ಯಾಕೆ ಬರುತ್ತಿಲ್ಲ, ಅಕ್ಷರ ಯಾಕೆ ದಪ್ಪವಾಯಿತು, ಇದು ಅಳಿಸುವುದಾ ಎಂದು ಕೇಳುತ್ತದೆ, ಏನು ಹೇಳಲಿ ಎಂಬ ಪ್ರಶ್ನೆಗಳಿಗೆ ಹತ್ತರಿಂದ ಐದರವರೆಗೆ ಉತ್ತರ ಹೇಳುತ್ತಿದ್ದೆ. ಈ ಪ್ರಶ್ನೆಗಳನ್ನು ಯಾವ ಫ್ಲಾಪಿಯಲ್ಲೂ ಬರೆದಿಡಲು ಬರುತ್ತಿರಲಿಲ್ಲ, ಯಾಕೆಂದರೆ ಕೇಳುವವರಿಗೆ ಬೇಕಾಗಿದ್ದದ್ದು ಉತ್ತರವಲ್ಲ, ಪಕ್ಕದಲ್ಲಿ ಯಾರಾದರೂ ಬಂದು ನಿಲ್ಲುವುದು. ಸಂಜೆ ಮನೆಗೆ ಬರುವಾಗ ಸುಸ್ತು ಹಿಂದಿನಷ್ಟೇ ಇರುತ್ತಿತ್ತು. ಆದರೆ ಮನೆ ಹತ್ತು ನಿಮಿಷದಲ್ಲಿ ಸಿಗುತ್ತಿತ್ತು.

ಮನೆಯಲ್ಲಿ ನನ್ನ ಅಂತಸ್ತು ಸ್ವಲ್ಪ ಇಳಿಯಿತು ಎಂದು ಒಪ್ಪಿಕೊಳ್ಳಬೇಕು. ಕೈಯಿರುವ ಕುರ್ಚಿಯಲ್ಲಿ ಚಿನ್ನು ತನ್ನ ಗೊಂಬೆಗಳನ್ನು ಕೂರಿಸಿ ನನಗೆ ನೆಲ ತೋರಿಸುತ್ತಿದ್ದಳು. ಹೂವಿನ ಲೋಟ ಬೀರುವಿನ ಮೇಲಕ್ಕೆ ಹೋಯಿತು. ಹಪ್ಪಳ ಎಲ್ಲರಿಗೂ ಒಂದೊಂದೇ, ಮುರಿದದ್ದು ನನಗೆ. ಒಂದು ಸಂಜೆ ನಾನು ಮಹಡಿಯ ಮೆಟ್ಟಿಲಿನಲ್ಲಿ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದೆ. ಕೆಳಗಿನಿಂದ ಅಮ್ಮಚ್ಚಿ ಚಿನ್ನುವನ್ನು ಕರೆದು, ‘ಮೋಳೇ, ಮೇಲೆ ಯಾರು ಬಂದಿದ್ದಾರೆ? ಮಾತು ಕೇಳ್ತಿದೆ’ ಎಂದು ಕೂಗಿ ಕೇಳಿದರು. ಚಿನ್ನು ಬಣ್ಣ ಹಚ್ಚುತ್ತಿದ್ದ ಪುಸ್ತಕದಿಂದ ತಲೆಯನ್ನೂ ಎತ್ತದೆ, ‘ಆರುಮಿಲ್ಲ ಅಮ್ಮಚ್ಚೀ, ಅಚ್ಛನೇ ಉಳ್ಳು’ ಅಂದಳು. ಯಾರೂ ಇಲ್ಲ, ಅಪ್ಪ ಅಷ್ಟೇ. ಅಡುಗೆಮನೆಯಿಂದ ವಸುಧಾ ಇಣುಕಿ, ಬೇಜಾರಾಯಿತೇನೋ ಎಂದು ನನ್ನ ಮುಖ ನೋಡಿದಳು. ನಾನು ಹುರುಳಿಕಾಯಿಯ ಮೇಲೆ ಬಗ್ಗಿ ಕೂತೆ. ಆ ಮನೆಯಲ್ಲಿ ‘ಯಾರೂ ಇಲ್ಲ’ ಎನ್ನುವ ಲೆಕ್ಕಕ್ಕೆ ಸೇರಲು ನಾನು ಎಷ್ಟು ಶನಿವಾರ ರೈಲಿನ ಹಿಂದೆ ಓಡಿದ್ದೆ ಅಂತ ಆ ಮಗುವಿಗೆ ಹೇಗೆ ಹೇಳುವುದು?